ಒಳಗಿನ ನುಣುಪು

ಗೋಣಿಚೀಲದಲ್ಲಿ ಸುತ್ತಿದ್ದ ಟ್ರ್ಯಾಕ್ಟರ್ ಎಂಜಿನ್ನಿನ ಹೆಡ್ಡನ್ನು ಗುರುಪಾದ ಎರಡೂ ಕೈಯಿಂದ ಎತ್ತಿ ಶೆಡ್ಡಿನ ಬಾಗಿಲ ತನಕ ತಂದಿದ್ದ. ಅಣ್ಣ ಧರೆಪ್ಪನ ಮಣ್ಣಿಗೆ ಬಂದವರಿಗೆ ಕೂರಲು ಜಾಗ ಬೇಕಿತ್ತು. ಪಕ್ಕದ ಪಡಸಾಲೆಯಲ್ಲಿ ಗಂಡನ ಹೆಣದ ಹತ್ತಿರ ಕುಳಿತಿದ್ದ ತಾರವ್ವ ತಲೆಯೆತ್ತಿದಳು.

"ಗುರುಪಾದ, ಅದನ್ನ ಅಲ್ಲೇ ಇಡು. ಇನ್ನೂ ಒಂದು ದಾರಿ ಬಾಕಿ ಐತಿ."

ದುಃಖಕ್ಕೆ ಅತ್ತಿಗೆಗೆ ಏನೋ ಭ್ರಮೆ ಹಿಡಿದಿದೆ ಎಂದುಕೊಂಡು ಗುರುಪಾದ ಹೆಡ್ಡನ್ನು ಮೂಲೆಗಿಟ್ಟ.

ಎದೆನೋವೆಂದು ಮಲಗಿದ ಧರೆಪ್ಪ ಮತ್ತೆ ಎದ್ದಿರಲಿಲ್ಲ. ಅವನ ಮಣ್ಣಿಗೆ ಮುಧೋಳದ ಅರ್ಧ ಟ್ರ್ಯಾಕ್ಟರುಗಳು ಬಂದಿದ್ದವು ಅಂದರೂ ನಡೆಯುತ್ತದೆ. ಎಂಜಿನ್ನಿನ ಹೆಡ್ಡಿನೊಳಗೆ ಗಾಳಿ ಹೋಗುವ, ಹೊಗೆ ಬರುವ ದಾರಿಗಳನ್ನು ಕೊರೆದು, ಅಗಲಿಸಿ, ನುಣುಪು ಮಾಡುವುದು ಅವನ ಕೆಲಸ. ಉಸಿರು ಸಲೀಸಾದರೆ ಎಂಜಿನ್ನಿಗೆ ತಾಕತ್ತು ಜಾಸ್ತಿ. ಅವನ ಕೈಯಿಂದ ಹೋದ ಟ್ರ್ಯಾಕ್ಟರ್ ಎರಡು ಟ್ರಾಲಿ ಕಬ್ಬು ಕಟ್ಟಿಕೊಂಡು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟರೆ ಏರಿನಲ್ಲೂ ಏದುತ್ತಿರಲಿಲ್ಲ.

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಾರೆ. ಇಲ್ಲಿ ಮಾತ್ರ ಜನ ಅವನು ಬದುಕಿದ್ದಾಗ ಹೊಗಳಿದ್ದನ್ನೇ ಈಗಲೂ ಹೊಗಳುತ್ತಿದ್ದರು. ಅದು ಅವನ ಬೆರಳು. ದಾರಿಯೊಳಗೆ ಆಡಿಸಿದರೆ ಕೂದಲೆಳೆಯಷ್ಟು ಉಬ್ಬೂ ಆ ಬೆರಳಿಗೆ ಸಿಗುತ್ತಿತ್ತಂತೆ. "ಅಂಥಾ ಬೆರಳು ಈ ಸೀಮ್ಯಾಗ ಇನ್ನ ಹುಟ್ಟೂದಿಲ್ರಿ," ಎಂದ ಲೋಕಾಪುರದ ಅಮಸಿದ್ದಪ್ಪ. ತಾರವ್ವ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

*

ಆ ಬೆರಳುಗಳು ಸತ್ತು ವರ್ಷಗಳಾಗಿದ್ದವು. ಗ್ರೈಂಡರಿನ ನಡುಕಕ್ಕೆ ಮೊದಮೊದಲು ಜೋಮು ಹಿಡಿಯುತ್ತಿದ್ದವು, ಆಮೇಲೆ ಸುಡುವ ಚಹಾದ ಲೋಟ ಹಿಡಿದರೂ ಅವಕ್ಕೆ ಗೊತ್ತಾಗದಂತಾಯಿತು. ಒಂದು ಮಧ್ಯಾಹ್ನ ತಾರವ್ವ ರೊಟ್ಟಿ ಬಡಿಯುತ್ತಿದ್ದಾಗ ಧರೆಪ್ಪ ಒಂದು ಹೆಡ್ಡನ್ನು ತಂದು ಒಲೆಯ ಮುಂದೆಯೇ ಇಟ್ಟ.

"ಇದರಾಗ ಬೆರಳ ಹಾಕಿ ನೋಡು. ಎಲ್ಲಿ ಹತ್ತತೈತಿ ಹೇಳು."

ಹಿಟ್ಟಿನ ಕೈ ಒರೆಸಿಕೊಂಡು ಬೆರಳು ಹಾಕಿದಳು. ತಿರುವಿನಲ್ಲಿ ಸಾಣಿಸದ ಜೋಳದ ಹಿಟ್ಟಿನ ಹಾಗೆ ತರಿತರಿ ಹತ್ತಿತು. ಹೇಳಿದಳು. ಅವನು ಅಲ್ಲೇ ತಿಕ್ಕಿದ. ಬರಬರುತ್ತ ಕೊನೆಯ ಪಾಲಿಶ್ ಪೇಪರನ್ನೂ ಅವಳೇ ಬೆರಳಿಗೆ ಸುತ್ತಿಕೊಂಡು ತಿಕ್ಕತೊಡಗಿದಳು. ಅವಳು "ಆತು" ಅನ್ನದೆ ಒಂದು ಹೆಡ್ಡೂ ಶೆಡ್ಡು ದಾಟಲಿಲ್ಲ.

ಯಾರ ಮುಂದೂ ಹೇಳಬೇಡ ಎಂದು ಕೇಳಿಕೊಂಡಿದ್ದ. ಕೈ ಸತ್ತ ಮಿಸ್ತ್ರಿಯ ಬಾಗಿಲಿಗೆ ಯಾರು ಬರುತ್ತಾರೆ? ಅವಳು ಹೇಳಲಿಲ್ಲ. ಹೊರಗೆ ಅವನ ಬೆರಳಿನ ಗುಣಗಾನ ನಡೆದಾಗ ಒಳಗೆ ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಿದ್ದಳು, ಅಷ್ಟೆ. ಅವನಿಗೆ ತಿಳಿಯುತ್ತಿತ್ತು. ಅಂಥ ದಿನ ಚಹಾ ಅವನೇ ಮಾಡುತ್ತಿದ್ದ.

*

ಮಣ್ಣು ಮುಗಿದು, ಎಲ್ಲರೂ ಮಿಂದು ಬಂದ ಮೇಲೂ ಅಮಸಿದ್ದಪ್ಪ ಹೋಗಿರಲಿಲ್ಲ. ಮೂಲೆಯಲ್ಲಿದ್ದ ಹೆಡ್ಡು ಅವನದು. ಕಾರ್ಖಾನೆ ಶುರುವಾಗಿತ್ತು, ಕಡಿದ ಕಬ್ಬು ಹೊಲದಲ್ಲಿ ಒಣಗುತ್ತಿತ್ತು. ಸತ್ತ ಮನೆಯಲ್ಲಿ ಬಾಯಿಬಿಟ್ಟು ಕೇಳುವುದು ಹೇಗೆಂದು ಟವೆಲ್ಲಿನ ತುದಿ ತಿರುಚುತ್ತ ನಿಂತಿದ್ದ. ಗುರುಪಾದನೇ ಅರಿತುಕೊಂಡು, ಇದ್ದ ಹಾಗೆ ಒಯ್ಯಿರಿ, ಜಮಖಂಡಿಯಲ್ಲಿ ಯಾರಾದರೂ ಮುಗಿಸಿಕೊಟ್ಟಾರು ಅಂದ.

ತಾರವ್ವ ಮೂಲೆಯ ಹೆಡ್ಡಿನ ಕಡೆ ನೋಡಿದಳು. ಬಾಯಿ ಬಿಟ್ಟರೆ ಗಂಡನ ಬೆರಳಿನ ಹೆಸರು ಹೋಗುತ್ತದೆ. ಬಿಡದಿದ್ದರೆ ಅವನ ಕಡೆಯ ಕೆಲಸ ಅರೆಬರೆಯಾಗಿ ಇನ್ನೊಬ್ಬರ ಕೈಗೆ ಬೀಳುತ್ತದೆ, ಅವರು ನೋಡಿ ನಗುತ್ತಾರೆ.

"ಅಣ್ಣಾರ, ಸ್ವಲ್ಪ ಕೂಡ್ರಿ. ನಾ ಮುಗಿಸಿ ಕೊಡತೇನಿ."

"ಸೂತಕದಾಗ ಕೆಲಸಕ್ಕ ಕೈ ಹಚ್ಚಬಾರದು ವೈನಿ," ಎಂದ ಗುರುಪಾದ. "ಮತ್ತ ಇದು ನಿಮಗೇನ ತಿಳೀತೈತಿ?"

"ನಿಮ್ಮಣ್ಣನ ಬೆರಳು ಸತ್ತು ಭಾಳ ವರ್ಷ ಆತಪಾ. ನೀವೆಲ್ಲಾ ಹೊಗಳಿದ್ದು ಇದನ್ನ." ಬಲಗೈ ಮುಂದೆ ಮಾಡಿದಳು. ಮುಂಜಾನೆಯಿಂದ ಬಾರದಿದ್ದ ಅಳು ಆಗ ಬಂತು. ಗಂಡನಿಗೆ ಕೊಟ್ಟ ಮಾತು ಅವನನ್ನು ಮಣ್ಣಿಗಿಟ್ಟ ದಿನವೇ ಮುರಿದಿದ್ದಳು.

ಅಮಸಿದ್ದಪ್ಪ ಹೆಡ್ಡನ್ನು ಎತ್ತಿ ತಂದು ಅವಳ ಮುಂದಿಟ್ಟು, ಗೋಣಿಚೀಲ ಬಿಚ್ಚಿದ.

ತಾರವ್ವ ಕಣ್ಣೊರೆಸಿಕೊಂಡು ಪಾಲಿಶ್ ಪೇಪರನ್ನು ತೋರುಬೆರಳಿಗೆ ಸುತ್ತಿದಳು. ಒಳಗೆ ಕೈ ಹಾಕುವ ಮೊದಲು, ಯಾವಾಗಿನ ರೂಢಿಯಂತೆ, ಅವಳ ಎಡಗೈ ಬಲಗೈಯ ಬಳೆಗಳನ್ನು ಹಿಂದಕ್ಕೆ ಸರಿಸಲು ಹೋಯಿತು. ಬರಿಯ ಮಣಿಕಟ್ಟನ್ನು ಹಿಡಿದುಕೊಂಡು ಅಲ್ಲೇ ನಿಂತಿತು.