ಮಾರ್ಚ್ ತಿಂಗಳಲ್ಲಿ ಗುಡಾರ

ಆ ದಿನ ಬೆಳಿಗ್ಗೆ ಹೆಡ್‌ಮಾಸ್ತರ್ ಸಗಿನ್‌ಬೆಕ್ ನನ್ನನ್ನು ಬಾಗಿಲ ಮರೆಗೆ ಕರೆದು, "ಬರ್ಮೆತ್, ಇವತ್ತು ಏಳನೇ ಕ್ಲಾಸಿಗೆ ನಿನ್ನ ಸಿನಿಮಾ ಹಾಕಮ್ಮ. ಪೂರ್ತಿ ಹಾಕು," ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಚಳಿಗಾಲ ಪೂರ್ತಿ ನನ್ನ ಪಾಠಕ್ಕೆ ಕಲ್ಲು ಹಾಕುತ್ತ ಬಂದವರು ಇವರೇ. ಸಿನಿಮಾ ತೋರಿಸಿ ಪತ್ತೇದಾರಿ ಕಥೆ ಕಲಿಸುತ್ತೇನೆ ಎಂದಾಗ, "ಮಕ್ಕಳಿಗೆ ನೆಟ್ಟಗೆ ನಾಲ್ಕು ಸಾಲು ಬರೆಯೋಕೆ ಬರಲ್ಲ, ನೀನು ಕಳ್ಳರನ್ನ ಹಿಡಿಯೋದು ಕಲಿಸ್ತೀಯಾ?" ಎಂದು ಎಲ್ಲರ ಮುಂದೆ ಹಂಗಿಸಿದ್ದರು.

"ಏನ್ ಸಾರ್, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?" ಎಂದೆ.

ಅವರು ನಗಲಿಲ್ಲ. "ತಾಲಾಯ್ ಹೋಗ್ಬಿಟ್ಟ. ಅಲ್ಲೇ, ರಷ್ಯಾದಲ್ಲಿ. ಕಟ್ಟಡದ ಮೇಲಿಂದ ಬಿದ್ದನಂತೆ."

ತಾಲಾಯ್ ನನ್ನ ಕ್ಲಾಸಿನ ಜಿಪಾರ್‌ಳ ಅಪ್ಪ. ರಷ್ಯಾಕ್ಕೆ ಕಟ್ಟಡದ ಕೆಲಸಕ್ಕೆಂದು ಹೋದವನು.

ನಮ್ಮಲ್ಲಿ ಸಾವಿನ ಸುದ್ದಿಯನ್ನು ಸಿಕ್ಕಸಿಕ್ಕವರು ಹೇಳುವಂತಿಲ್ಲ. ಹಿರಿಯರು ಸೇರಬೇಕು, ಸತ್ತವರ ಮನೆ ಪಕ್ಕ ಗುಡಾರ ಏಳಬೇಕು, ಮನೆಯವರನ್ನು ಒಟ್ಟಿಗೆ ಕೂರಿಸಿಕೊಂಡು ಎಲ್ಲರಿಗಿಂತ ದೊಡ್ಡವರು ಬಾಯಿ ಬಿಡಬೇಕು. ಅಲ್ಲಿಯ ತನಕ ಊರಿಗೆ ಊರೇ ತುಟಿ ಹೊಲಿದುಕೊಂಡಿರುತ್ತದೆ. ಈ ಪದ್ಧತಿಯ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ಗಂಡನ ಸುದ್ದಿಯನ್ನು ನನಗೂ ಹಾಗೆಯೇ ಹೇಳಿದ್ದರು. ಎರಡೂ ಕಡೆ ಹೆಂಗಸರು ನನ್ನನ್ನು ಹಿಡಿದುಕೊಂಡಿದ್ದರಿಂದ ನಾನು ನೆಲಕ್ಕೆ ಬೀಳಲಿಲ್ಲ.

ಜಿಪಾರ್‌ಳ ತಾಯಿ ಕಣಿವೆಯಾಚೆ ತವರಿಗೆ ಹೋಗಿದ್ದಳು. ಏನೋ ನೆಪ ಹೇಳಿ ಕರೆತರಲು ಕಾರು ಹೊರಟಿತ್ತು. ಅವಳು ಬಂದಮೇಲೆ ಊರಿಗೆಲ್ಲ ಹಿರಿಯನಾದ ಅಬ್ದಿಲ್ದಾ ಅಜ್ಜ ತಾಯಿ ಮಗಳಿಬ್ಬರಿಗೂ ಹೇಳುತ್ತಾನೆ. ಅಲ್ಲಿಯವರೆಗೆ ಹುಡುಗಿಗೆ ಏನೂ ಗೊತ್ತಾಗದಂತೆ ಸ್ಕೂಲಿನಲ್ಲೇ ಇಟ್ಟುಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ.

"ಪತ್ತೇದಾರಿ ಪಾಠ ಮಾಡಿ ಅವಳ ಕಣ್ಣಿಗೆ ಮಣ್ಣೆರಚಬೇಕಾ ನಾನು? ಇಡೀ ಕ್ಲಾಸಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ ಸಾರ್."

"ರೂಮು ಕತ್ತಲೆ ಮಾಡಿರ್ತೀಯಲ್ಲ. ಕತ್ತಲಲ್ಲಿ ಏನ್ ಕಾಣತ್ತೆ? ಹೋಗು."

ಕಿಟಕಿಗಳಿಗೆ ಕಂಬಳಿ ಕಟ್ಟಿದೆ. ಪ್ರೊಜೆಕ್ಟರ್ ಹಚ್ಚಿದೆ. ಹಿಮ ಬಿದ್ದು ದಾರಿ ಮುಚ್ಚಿದ ಒಂದು ವಸತಿಗೃಹ, ಕಳೆದುಹೋದ ಮುತ್ತಿನ ಸರ, ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ಅತಿಥಿಗಳು. ಹಳೆಯ ಕಪ್ಪು ಬಿಳುಪು ಚಿತ್ರ. ನನ್ನ ಪಾಠದ ಕ್ರಮ ಮಕ್ಕಳಿಗೆ ಬಾಯಿಪಾಠವಾಗಿತ್ತು. ಇರಬೇಕಾದ ಜಾಗದಲ್ಲಿ ಇಲ್ಲದ ವಸ್ತುವನ್ನು ಗಮನಿಸಬೇಕು. ಇದ್ದಕ್ಕಿದ್ದಂತೆ ಒಳ್ಳೆಯವರಾದವರನ್ನು ಗಮನಿಸಬೇಕು. ಸುಳಿವು ಕಂಡವರು "ನಿಲ್ಲಿಸಿ!" ಎಂದು ಕೂಗಬೇಕು. ಕೂಗಿದ ಕೂಡಲೇ ನಾನು ಗುಂಡಿ ಒತ್ತಿ ಚಿತ್ರ ನಿಲ್ಲಿಸುತ್ತಿದ್ದೆ. ಅವರು ಹೇಳಿದ್ದು ಸರಿಯೋ ತಪ್ಪೋ ಅಲ್ಲೇ ಹೇಳುತ್ತಿದ್ದೆ.

ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ಗದ್ದಲವೋ ಗದ್ದಲ. ಎರ್ಮೆಕ್ ಅಂತೂ ಯಾವ ಚಿತ್ರವಾದರೂ, "ಕದ್ದಿದ್ದು ನಾಯಿ ಅಕ್ಕೋರೇ!" ಎಂದು ಕೂಗಿ ಎಲ್ಲರನ್ನೂ ನಗಿಸುವವನು. ಒಲೆಯ ಪಕ್ಕದ ಬೆಂಚಿಗಾಗಿ ಜಿಪಾರ್‌ಳ ಜೊತೆ ದಿನಾ ಹಾವು ಮುಂಗುಸಿಯಂತೆ ಕಾದಾಡುವವನೂ ಅವನೇ. ಇವತ್ತು ಅವನು ತೆಪ್ಪಗೆ ಎದ್ದು ಆ ಬೆಂಚನ್ನು ಅವಳಿಗೆ ಬಿಟ್ಟುಕೊಟ್ಟ. ಜೇಬಿನಿಂದ ಕುರುತ್ ತೆಗೆದು, ಆ ಒಣಮೊಸರಿನ ಉಂಡೆಗಳನ್ನೆಲ್ಲ ಅವಳ ಅಂಗೈಗೆ ಸುರಿದ. ನನಗೆ ಅರ್ಥವಾಯಿತು. ಇಡೀ ಕ್ಲಾಸಿಗೆ ಗೊತ್ತಿದೆ. ಮನೆಯಲ್ಲಿ ಕೇಳಿಸಿಕೊಂಡಿದ್ದಾರೆ, ಬಾಯಿ ಬಿಟ್ಟರೆ ಹುಷಾರ್ ಎಂದು ಬೈಸಿಕೊಂಡಿದ್ದಾರೆ.

ಚಿತ್ರ ಓಡುತ್ತಿತ್ತು. ಯಾರೂ ನೋಡುತ್ತಿರಲಿಲ್ಲ.

"ನಿಲ್ಲಿಸಿ!"

ಜಿಪಾರ್ ಎದ್ದು ನಿಂತಿದ್ದಳು. ನನ್ನ ಹೆಬ್ಬೆರಳು ತಾನಾಗಿ ಗುಂಡಿ ಒತ್ತಿತು.

"ಸುಳಿವು ಸಿನಿಮಾದಲ್ಲಿಲ್ಲ ಅಕ್ಕೋರೇ, ಇಲ್ಲೇ ಇದೆ. ಎರ್ಮೆಕ್ ನಂಗೆ ಬೆಂಚು ಬಿಟ್ಟ. ಈ ಜಿಪುಣ ಕುರುತ್ ಬೇರೆ ಕೊಟ್ಟ. ಗೇಟಲ್ಲಿ ಹೆಡ್‌ಮಾಸ್ತರ್ ನನ್ನ ತಲೆ ಸವರಿದ್ರು. ಅವರು ಯಾರ ತಲೆನಾದ್ರೂ ಸವರಿದ್ದು ನೋಡಿದೀರಾ? ನಾನು ಬಂದ ಕೂಡ್ಲೇ ಹುಡುಗೀರೆಲ್ಲ ಮಾತು ನಿಲ್ಸಿದ್ರು."

"ಕೂತ್ಕೋ ಜಿಪಾರ್. ಚಿತ್ರ ನೋಡೋಣ."

"ಮುಖ್ಯವಾದ್ದು ಹೇಳೇ ಇಲ್ಲ!" ಅವಳು ಕಿಟಕಿಯತ್ತ ಕೈ ತೋರಿಸಿದಳು. ನಾನು ಕಟ್ಟಿದ ಕಂಬಳಿಯ ಅಂಚಿನಲ್ಲಿ ಒಂದು ಸಂದು ಉಳಿದುಬಿಟ್ಟಿತ್ತು. "ಈಗ ತಾನೇ ಒಂದು ಲಾರಿ ಹೋಯ್ತು. ಅದರಲ್ಲಿ ಗುಡಾರದ ಕೆಂಪು ಕೋಲು, ಕಂಬಳಿ ಎಲ್ಲ ಇತ್ತು. ನಮ್ಮ ಬೀದಿ ಕಡೆ ತಿರುಗ್ತು. ಬೆಟ್ಟದ ಮೇಲೆ ಇನ್ನೂ ಹಿಮ ಇದೆ, ಅಲ್ಲಿ ಗುಡಾರ ಹಾಕಿ ಕುರಿ ಮೇಯಿಸೋಕೆ ಈಗ ಯಾರೂ ಹೋಗಲ್ಲ. ಮಾರ್ಚಲ್ಲಿ ಗುಡಾರ ಯಾಕೆ?"

ಮಕ್ಕಳೆಲ್ಲ ತಲೆ ತಗ್ಗಿಸಿದರು.

"ನಮ್ಮಪ್ಪ ಬಂದಿದಾರೆ!" ಎಂದಳು. "ಈ ತಿಂಗಳು ನೂರುಜ್ ಹಬ್ಬಕ್ಕೆ ಬರ್ತೀನಿ, ಊರಿಗೆಲ್ಲ ಊಟ ಹಾಕಿಸ್ತೀನಿ ಅಂದಿದ್ರು. ನಿಮಗೆಲ್ಲ ಗೊತ್ತು, ನನಗೊಬ್ಬಳಿಗೇ ಹೇಳಿಲ್ಲ. ಸರಿನಾ ಅಕ್ಕೋರೇ?"

ಊರೊಳಗೆ ಗುಡಾರ ಏಳುವುದು ಹಬ್ಬದೂಟಕ್ಕೆ, ಇಲ್ಲವೇ ಸಾವಿಗೆ. ಒಂದು ಸುಳಿವನ್ನೂ ಬಿಡದೆ ಹೆಕ್ಕಿದ ಹುಡುಗಿ ಅದರಲ್ಲಿ ಒಳ್ಳೆಯದನ್ನು ಆರಿಸಿಕೊಂಡಿದ್ದಳು. ಹನ್ನೆರಡು ವರ್ಷದ ಯಾವ ಮಗು ತಾನೇ ಇನ್ನೊಂದನ್ನು ಆರಿಸಿಕೊಳ್ಳುತ್ತದೆ? ತಪ್ಪು ಎನ್ನೋಣವೆಂದರೆ ಸುದ್ದಿಯನ್ನು ನಾನೇ ಹೇಳಿದಂತಾಗುತ್ತದೆ. ಸರಿ ಎಂದರೆ ಸುಳ್ಳಾಗುತ್ತದೆ.

"ಸಿನಿಮಾ ಮುಗೀಲಿ, ಆಮೇಲೆ ನೋಡೋಣ," ಎಂದೆ.

"ಹಾಗಾದ್ರೆ ಸರಿನೇ! ತಪ್ಪಾಗಿದ್ರೆ ನೀವು ಬಿಡ್ತಿದ್ರಾ? ಮುಖಕ್ಕೆ ಹೊಡೆದ ಹಾಗೆ ಹೇಳ್ತಿದ್ರಿ."

ಎರ್ಮೆಕ್ ಬಿಕ್ಕಿದ್ದು ಕೇಳಿಸಿತು. "ಒಲೆ ಹೊಗೆ," ಎಂದು ತೋಳಿನಿಂದ ಮುಖ ಒರೆಸಿಕೊಂಡ.

"ಅಯ್ಯೋ, ಹೊಟ್ಟೆಕಿಚ್ಚು ನೋಡು ಇವನಿಗೆ! ಅಳ್ಬೇಡ್ವೋ, ನಮ್ಮಪ್ಪ ತಂದಿರೋ ಚಾಕಲೇಟಲ್ಲಿ ನಿಂಗೂ ಕೊಡ್ತೀನಿ," ಎಂದಳು ಜಿಪಾರ್.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಿತ್ರ ಓಡಲು ಬಿಟ್ಟು ಹೊರಗೆ ಬಂದೆ. ಹೆಡ್‌ಮಾಸ್ತರ್ ಮೊಬೈಲ್ ಹಿಡಿದುಕೊಂಡು ಬಾಗಿಲಲ್ಲೇ ಅಡ್ಡಾಡುತ್ತಿದ್ದರು.

"ಸಾರ್, ಅಪ್ಪ ಬಂದಿದಾನೆ ಅಂತ ಕುಣೀತಿದಾಳೆ. ಆ ಖುಷಿಲೇ ಮನೆಗೆ ಓಡಿದ್ರೆ ಏನ್ ಗತಿ? ನಿಮ್ಮ ಕಾಲಿಗೆ ಬೀಳ್ತೀನಿ, ನಾನು ಹೇಳ್ತೀನಿ. ಅವಳನ್ನ ಹಿಡ್ಕೊಂಡು ಹೇಳ್ತೀನಿ."

"ಅವರಮ್ಮ ಇನ್ನೂ ದಾರೀಲಿದಾಳೆ. ನೀನೀಗ ಹೇಳಿದ್ರೆ ಮಗು ಮನೆಗೆ ಹೋಗಿ, ಅಮ್ಮ ಕಾರಿಂದ ಇಳೀತಿದ್ದ ಹಾಗೇ ಬಾಯಿ ಬಿಡತ್ತೆ. ತಾಯಿಗೆ ಸುದ್ದಿ ಮುಟ್ಟಿಸೋ ಕೆಲಸ ಆ ಮಗೂಗೆ ಹೊರಿಸ್ತೀಯಾ?" ಅವರ ದನಿಯೂ ಒಡೆದಿತ್ತು. "ನಂಗೇನು ಕರುಳಿಲ್ಲ ಅಂದ್ಕೊಂಡ್ಯಾ ಬರ್ಮೆತ್?"

ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಅದಕ್ಕೇ ಮೈಯೆಲ್ಲ ಉರಿಯಿತು.

ಒಳಗೆ ಹೋದಾಗ ಜಿಪಾರ್ ಗೆಳತಿಯಿಂದ ಬಿಳಿ ರಿಬ್ಬನ್ ಕಸಿದುಕೊಂಡು ಜಡೆಗೆ ಕಟ್ಟಿಕೊಳ್ಳುತ್ತಿದ್ದಳು. ಗೆಳತಿ ಇನ್ನೊಂದನ್ನೂ ಬಿಚ್ಚಿ ಕೊಟ್ಟಳು. ಪರದೆಯ ಮೇಲೆ ಕಳ್ಳ ಸಿಕ್ಕಿಬಿದ್ದಿದ್ದ. ಅವನು ಯಾರು, ಯಾಕೆ ಕದ್ದ ಎಂದು ಕೇಳಲು ನನಗೂ ನೆನಪಾಗಲಿಲ್ಲ.

ಕೊನೆಗೂ ಹೆಡ್‌ಮಾಸ್ತರ್ ಬಾಗಿಲಲ್ಲಿ ತಲೆಯಾಡಿಸಿದರು. ತಾಯಿ ಊರೊಳಗೆ ಬಂದಾಗಿತ್ತು.

"ನಾನೂ ಬರ್ತೀನಿ," ಎಂದು ಜಿಪಾರ್‌ಳ ಕೈ ಹಿಡಿದೆ.

"ಬನ್ನಿ ಬನ್ನಿ, ನಮ್ಮಪ್ಪನಿಗೆ ಹೇಳಿ, ನಿಮ್ಮ ಮಗಳು ಯಾರೂ ಹೇಳದೇನೇ ಕಂಡುಹಿಡಿದ್ಲು ಅಂತ." ದಾರಿಯುದ್ದಕ್ಕೂ ಅವಳ ಬಾಯಿಗೆ ಬಿಡುವಿರಲಿಲ್ಲ. ಕೆಸರಿನಲ್ಲಿ ನನ್ನನ್ನು ಎಳೆದುಕೊಂಡೇ ಹೋದಳು. ನಾನು ಹೆಜ್ಜೆ ನಿಧಾನ ಮಾಡಿದಷ್ಟೂ, "ಬೇಗ ಬನ್ನಿ ಅಕ್ಕೋರೇ, ಅಪ್ಪ ಕಾಯ್ತಿರ್ತಾರೆ," ಎಂದು ಜಗ್ಗಿದಳು. ಹೊಸ ಶೂಸಿನ ಅಳತೆಗೆ ಹೋದ ತಿಂಗಳು ಹಾಳೆಯ ಮೇಲೆ ಪಾದ ಬರೆದು ಫೋಟೋ ಕಳಿಸಿದ್ದಳಂತೆ. ಅಪ್ಪ ಬಣ್ಣ ಮಾತ್ರ ಹೇಳಿರಲಿಲ್ಲವಂತೆ. ನಾನು ಹೂಂ ಎನ್ನುತ್ತ ನಡೆದೆ.

ತಿರುವು ದಾಟಿದೆವು.

ಮನೆಯ ಪಕ್ಕ ಗುಡಾರ ಎದ್ದಿತ್ತು. ಅದರ ಮುಂದೆ ಗಂಡಸರು ಸಾಲಾಗಿ ನಿಂತಿದ್ದರು. ಕೋಟಿನ ಮೇಲೆ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡಿದ್ದರು. ಎಲ್ಲರ ಕೈಯಲ್ಲೂ ಊರುಗೋಲಿತ್ತು. ಹಬ್ಬಕ್ಕೆ ಹಾಗೆ ಯಾರೂ ನಿಲ್ಲುವುದಿಲ್ಲ. ಅದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಅವಳ ಮಾತು ನಿಂತಿತು. ಸಾಲಿನ ಒಂದೊಂದೇ ಮುಖವನ್ನು ನೋಡಿಕೊಂಡು ಹೋದಳು, ನಾನು ಕಲಿಸಿದ ಹಾಗೆಯೇ, ಯಾರನ್ನೂ ಬಿಡದೆ. ಅಪ್ಪನ ಮುಖ ಅಲ್ಲಿರಲಿಲ್ಲ.

"ನಿಲ್ಲಿಸಿ," ಎಂದಳು. ಆಮೇಲೆ ನನ್ನ ಕೋಟು ಹಿಡಿದು ಜಗ್ಗುತ್ತ, "ಅಕ್ಕೋರೇ, ನಿಲ್ಲಿಸಿ. ಇಲ್ಲೇ ನಿಲ್ಲಿಸಿ."

ನಾನು ಅವಳನ್ನು ಎದೆಗೆ ಅವುಚಿಕೊಂಡೆ. ಅಬ್ದಿಲ್ದಾ ಅಜ್ಜ ಕೋಲೂರಿಕೊಂಡು ನಮ್ಮ ಕಡೆ ನಡೆದು ಬರುತ್ತಲೇ ಇದ್ದ.