ಭೀಮಕ್ಕನ ಪಾಲಿನ ಶಾವಿಗೆ

ಮಗಳು ಹುಟ್ಟಿದ ವರ್ಷವೇ ಭೀಮಕ್ಕನಿಗೆ ಸಂಧಿವಾತ ಅಂಟಿಕೊಂಡಿತು. ಮೊದಲು ಬೆರಳುಗಳು ಸೊಟ್ಟಗಾದವು, ಆಮೇಲೆ ಬಲಗಡೆಯ ಸೊಂಟದ ಕೀಲು ಸವೆದುಹೋಯಿತು. ನಲವತ್ತು ತುಂಬುವ ಮೊದಲೇ ಹಿತ್ತಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ಬೇಸಿಗೆಯಲ್ಲಿ ಕುಷ್ಟಗಿಯ ಆ ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಮಾಡುವಾಗ ಅವಳು ಮಂಚ ಬಿಟ್ಟು ಏಳುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಗಂಡ ಗೋವಿಂದರಾಜ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದು ಆಪರೇಷನ್ ಮಾಡಿಸಿದ. ಸವೆದ ಕೀಲು ತೆಗೆದು ಹೊಸದನ್ನು ಕೂಡಿಸಿದರು. ಮೊದಲು ವಾಕರ್ ಹಿಡಿದು, ಆಮೇಲೆ ಕೋಲು ಹಿಡಿದು ಅವಳು ಮತ್ತೆ ನಡೆಯಲು ಕಲಿತಳು. ಸೊಂಟದ ನೋವು ಹೇಳಹೆಸರಿಲ್ಲದಂತೆ ಹೋಗಿತ್ತು. ಆದರೆ ಡಾಕ್ಟರರು ಕಡ್ಡಿ ಮುರಿದಂತೆ ಹೇಳಿದ್ದರು: ನೆಲದ ಮೇಲೆ ಕೂಡುವ ಹಾಗಿಲ್ಲ.

ಬೇಸಿಗೆ ಬಂತು. ಪಕ್ಕದ ಮನೆಯ ಹಸೀನಾಬೇಗಂ ಅಂಗಳದಲ್ಲಿ ಶಾವಿಗೆ ಮಷಿನ್ ಹೂಡಿದಳು. ಭೀಮಕ್ಕನ ಅತ್ತೆ ಮುದಕಮ್ಮ ಮೊದಲ್ಗೊಂಡು ಎಲ್ಲರೂ ಚಾಪೆಯ ಮೇಲೆ ಕೂತರು. ಭೀಮಕ್ಕ ಬಾಗಿಲಲ್ಲೇ ನಿಂತಳು.

"ಕುಂದ್ರಾಕ ಬರಂಗಿಲ್ಲ, ಮಷಿನ್ ತಿರುವಾಕ ಬೆರಳು ಮಣಿಯಂಗಿಲ್ಲ. ನಾ ಬಂದು ಏನ್ ಮಾಡ್ಲಿ?"

"ನಿಂತು ಮಾಡೋ ಕೆಲಸ ಐತಲ್ಲಕ್ಕಾ!" ಎಂದಳು ಹಸೀನಾಬೇಗಂ. "ಎಳಿ ಒಯ್ದು ಗಳದ ಮ್ಯಾಲ ಹಾಕೋರ ಇಲ್ಲ. ಕುಂತ ಮ್ಯಾಲ ಏಳಾಕ ಎಲ್ಲಾರಿಗೂ ಬ್ಯಾಸರ."

ಭೀಮಕ್ಕ ಕೋಲನ್ನು ಗೋಡೆಗೆ ಒರಗಿಸಿ ಎರಡೂ ಕೈ ಮುಂದೆ ಚಾಚಿದಳು. ಹಸಿ ಶಾವಿಗೆಯ ಎಳೆಗಳನ್ನು ಅವಳ ಮುಂಗೈ ಮೇಲೆ ಇಳಿಬಿಟ್ಟರು. ಎದೆಮಟ್ಟಕ್ಕೆ ಕಟ್ಟಿದ್ದ ಬಿದಿರ ಗಳದವರೆಗೆ ಉಸಿರು ಬಿಗಿಹಿಡಿದು ನಡೆದಳು. ಎಳೆ ಹರಿಯಲಿಲ್ಲ. ಮತ್ತೆ ಬಂದಳು, ಮತ್ತೆ ಹೋದಳು. ಕೋಲಿನ ನೆನಪೇ ಆಗಲಿಲ್ಲ.

ಅಷ್ಟರಲ್ಲಿ ಯಾರದೋ ಆಡೊಂದು ಒಳಗೆ ನುಗ್ಗಿ ಶಾವಿಗೆಗೆ ಬಾಯಿ ಹಾಕಿತು.

"ಏಯ್, ನಿನ್ ಬಾಯಾಗ ಮಣ್ಣ ಹಾಕ!" ಎನ್ನುತ್ತ ಭೀಮಕ್ಕ ಸರಸರನೆ ಹೆಜ್ಜೆ ಹಾಕಿ ಓಣಿಯ ತಿರುವಿನವರೆಗೂ ಅದನ್ನು ಅಟ್ಟಿಕೊಂಡು ಹೋದಳು.

ಚಾಪೆಯ ಮೇಲಿದ್ದವರೆಲ್ಲ ಕೈಕೆಲಸ ಬಿಟ್ಟು ಅತ್ತ ನೋಡಿದರು.

"ಆಡು ತಿಂದ್ರ ತಿನ್ಲಿ, ನೀ ಸಾವಕಾಶ ಬಾರವ್ವಾ!" ಎಂದು ಮುದಕಮ್ಮ ಕೂಗಿಕೊಂಡಾಗ ಎಲ್ಲರಿಗೂ ನಗು ತಡೆಯಲಾಗಲಿಲ್ಲ. ಕೂಗಿದ ಮುದಕಮ್ಮನೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಸಂಜೆ ಹಸೀನಾಬೇಗಂ ಒಣಗಿದ ಶಾವಿಗೆಯನ್ನು ಬುಟ್ಟಿಗೆ ತುಂಬಿ, "ಇದು ನಿನ್ನ ಪಾಲು" ಎಂದು ಕೊಟ್ಟಳು. ಆಗಷ್ಟೇ ಬಂದಿದ್ದ ಗೋವಿಂದರಾಜ ಬುಟ್ಟಿಗೆ ಕೈ ಚಾಚಿದ.

"ಬಿಡ್ರಿ, ನಾನ ಒಯ್ತೀನಿ," ಎಂದು ಭೀಮಕ್ಕ ಬುಟ್ಟಿಯನ್ನು ಎದೆಗವಚಿಕೊಂಡು ಗಂಡನಿಗಿಂತ ಮುಂದೆ ನಡೆದಳು.