ಕೂಸಿನ ದಿಣ್ಣೆ

ಬಳೆ ಒಡೆಯಲೆಂದು ಚೌಡಮ್ಮ ಮಾದಿಯ ಎಡಗೈಯನ್ನು ಎಳೆದು ಒರಳುಕಲ್ಲಿನ ಮೇಲಿಟ್ಟಳು. ಬಲಗೈಯಲ್ಲಿ ಸಣ್ಣ ಕಲ್ಲು ಎತ್ತಿಕೊಂಡಳು. ಎತ್ತಿದ ಕೈ ಅಲ್ಲೇ ನಿಂತಿತು. ಮಾದಿಯ ಮಣಿಕಟ್ಟು ಬೋಳಾಗಿತ್ತು. ಇನ್ನೊಂದು ಕೈ ನೋಡಿದಳು, ಅದೂ ಬೋಳು. ಕತ್ತಿನಲ್ಲಿ ಕರಿಮಣಿಯೂ ಇರಲಿಲ್ಲ.

“ಮರ್ತೇ ಓಗಿತ್ತು ಕಣವ್ವ,” ಎಂದು ಚೌಡಮ್ಮ ಕಲ್ಲನ್ನು ಕೆಳಗಿಟ್ಟಳು. ಮೂರು ವರ್ಷದ ಹಿಂದೆ ಆ ಬಳೆಗಳನ್ನು ಒಡೆದವಳೂ ಅವಳೇ.

ಒಳಗೆ ಚಾಪೆಯ ಮೇಲೆ ಅವಳ ಗಂಡ ನಂಜ ಮಲಗಿದ್ದ. ಎದೆಯ ಕಾಯಿಲೆ ಅವನನ್ನು ಎರಡು ವರ್ಷ ಕೂತು ತಿಂದು, ಈ ಬೆಳಗ್ಗೆ ಮುಗಿಸಿತ್ತು. ಉಳಿದಿದ್ದದ್ದು ಮೂಳೆ, ಚರ್ಮ, ಮತ್ತೆ ಮೊದಲಿನಷ್ಟೇ ದೊಡ್ಡದಾದ ಎರಡು ಕೈ. ಅಳಲು ಸಜ್ಜಾಗಿ ಬಂದ ಹೆಂಗಸರಿಗೆ ಯಾವಾಗ ಶುರು ಮಾಡಬೇಕೆಂದೇ ತಿಳಿಯದು. ಬಳೆ ಒಡೆಯುವಾಗ ಅಳು ಎತ್ತುವುದು ರೂಢಿ. ಒಡೆಯಲು ಬಳೆಯೇ ಇಲ್ಲದ ಮೇಲೆ ಏನು ಮಾಡಿಯಾರು? ಒಬ್ಬರ ಮುಖ ಒಬ್ಬರು ನೋಡುತ್ತ ಎಲೆಅಡಿಕೆ ಹಾಕಿಕೊಂಡು ಕೂತರು.

ಮಾದಿಯ ಕಣ್ಣು ಅಂಗಳದ ಮೇಲಿತ್ತು. ಹೊತ್ತು ಏರುತ್ತಿತ್ತು. ಹಾರೆ ಗುದ್ದಲಿಗಳು ಗೋಡೆಗೆ ಒರಗಿದ್ದವು, ಗಂಡಸರು ಹುಣಸೆಮರದ ಕೆಳಗೆ ಕೂತಿದ್ದರು. ಗುಂಡಿ ತೋಡಲು ಇನ್ನೂ ಯಾರೂ ಹೋಗಿರಲಿಲ್ಲ.

ಜೀರಹಳ್ಳಿಯಿಂದ ಕಾಡಿನೊಳಗೆ ಒಂದು ಗಂಟೆ ನಡೆದರೆ ಸಿಗುವ ಇಪ್ಪತ್ತು ಮನೆಯ ದೊಡ್ಡಿ ಅದು. ದೊಡ್ಡಿಯ ಆಚೆಗೆ, ಬೈನೆ ಮರಗಳ ಕೆಳಗೆ, ಕುಲದ ಕಲ್ಲುಗಳಿವೆ. ಸತ್ತವರಿಗೆ ತಲೆಗೊಂದು ಕಲ್ಲು, ಮೊಣಕಾಲೆತ್ತರದ್ದು. ವರ್ಷಕ್ಕೊಮ್ಮೆ ಯಜಮಾನ ಅಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ರಾಗಿಮುದ್ದೆ ಇಡುತ್ತಾನೆ. ಕರೆಸಿಕೊಳ್ಳದವನು ಹಸಿದುಕೊಂಡು ಕಾಡು ಅಲೆಯುತ್ತಾನೆ ಎಂದು ಮಾದಿ ಹುಟ್ಟಿದಾಗಿನಿಂದ ಕೇಳಿದ್ದಳು. ಗಂಡನನ್ನು ಅಲ್ಲಿ ಮಲಗಿಸಬೇಕು, ನಾಳೆ ತನ್ನ ಕಲ್ಲೂ ಅದರ ಮಗ್ಗುಲಿಗೆ ಬರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಅವಳು ಎದ್ದು ಹೊರಗೆ ಹೋದಳು. ದೊಡ್ಡಿಯ ಯಜಮಾನ ರಂಗಪ್ಪ ಬೇರೆ ಯಾರೂ ಅಲ್ಲ, ನಂಜನ ಒಡಹುಟ್ಟಿದ ಅಣ್ಣ. ಎಪ್ಪತ್ತು ದಾಟಿದವನು. ಮರದ ಬೇರಿನ ಮೇಲೆ ಕೂತು ನೆಲ ನೋಡುತ್ತಿದ್ದ.

“ಬಾವ, ಗುಂಡಿಗೆ ಇನ್ನೂ ಯಾರ್ನೂ ಕಳಿಸ್ನಿಲ್ವಲ್ಲ.”

ರಂಗಪ್ಪ ತಲೆ ಎತ್ತಲಿಲ್ಲ. “ಎಲ್ಲಿಗವ್ವ ಕಳಿಸ್ಲಿ? ನಂಜನ ಕಲ್ಲು ಅಲ್ಲಿ ಇದ್ದೇ ಅದೆ. ಮೂರ್ ವರ್ಸದಿಂದ ಮುದ್ದೆ ಇಕ್ತಾ ಇವ್ನಿ. ಇನ್ನೊಂದ ಯಾರ ಎಸರಲ್ಲಿ ನೆಡ್ಲಿ?”

*

ಮೂರು ವರ್ಷದ ಹಿಂದೆ ನಂಜ ದೀಕ್ಷಾಸ್ನಾನಕ್ಕೆಂದು ಹಾಸನೂರಿನ ಹಳ್ಳದ ನೀರಿಗೆ ಇಳಿದದ್ದು ದೇವರನ್ನು ಹುಡುಕಿಕೊಂಡಲ್ಲ, ನಿದ್ದೆಯನ್ನು ಹುಡುಕಿಕೊಂಡು.

ಬಂಡೆಜೇನು ಕೀಳುವಾಗ ಮೇಲೆ ನಿಂತು ಹಗ್ಗ ಹಿಡಿಯುವವನು ಇಳಿಯುವವನಿಗೆ ಭಾವನೋ ಬಾಮೈದನೋ ಆಗಬೇಕು. ಒಡಹುಟ್ಟಿದವರ ಕೈಗೂ ಆ ಹಗ್ಗ ಕೊಡುವುದಿಲ್ಲ. ಅಣ್ಣತಮ್ಮಂದಿರಲ್ಲಿ ಹಳೆಯ ಹೊಟ್ಟೆಕಿಚ್ಚು ಇದ್ದೀತು. ಮನೆಗೆ ಹೋಗಿ ಹೆಂಡತಿಯ ಮುಖ ನೋಡಬೇಕಾದವನು ಮಾತ್ರ ಕೈ ಬಿಡುವುದಿಲ್ಲ ಎನ್ನುವ ನಂಬಿಕೆ. ಮದುವೆಯಾದ ಎರಡನೆಯ ವರ್ಷ ಮಾದಿಯ ತಮ್ಮ ಕೇತ ಬಂಡೆಗೆ ಇಳಿದ, ನಂಜ ಹಗ್ಗ ಹಿಡಿದ. ಹೊಗೆಗೆ ಎದ್ದ ಹುಳಗಳು ನಂಜನ ಕಣ್ಣಿಗೇ ಮುತ್ತಿದವು. ಒಂದು ಕೈ ಕಣ್ಣಿಗೆ ಹೋಯಿತು, ಹಗ್ಗ ಜಾರಿ ಕೇತ ಕೆಳಗೆ ಬಿದ್ದು ಸತ್ತ. ಅಷ್ಟೇ.

ಯಾರೂ ಅವನನ್ನು ಬಯ್ಯಲಿಲ್ಲ. ಮಾದಿಯೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಮೂವತ್ತೈದು ವರ್ಷ ಇಬ್ಬರೂ ಆ ಮಾತು ಎತ್ತದೆ ಸಂಸಾರ ಮಾಡಿದರು. ಪೊರಕೆಹುಲ್ಲು ಕೊಯ್ದರು, ರಾಗಿ ಬಿತ್ತಿದರು, ಆನೆ ಓಡಿಸಿದರು. ಮಕ್ಕಳಾಗಲಿಲ್ಲ. ಅದೂ ಕೇತನ ಶಾಪವೆಂದೇ ನಂಜ ನಂಬಿದ. ನಿದ್ದೆಯಲ್ಲಿ ಅವನ ಬಲಗೈ ಮುಷ್ಟಿ ಕಟ್ಟುತ್ತಿತ್ತು, ಬೆಚ್ಚಿ ಏಳುತ್ತಿದ್ದ. ಪಕ್ಕದಲ್ಲಿ ಮಲಗಿದ ಮಾದಿ ಎಚ್ಚರವಿದ್ದೂ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಹೋಗಲಿ ಬಿಡು, ನೀನು ಬೇಕೆಂದು ಬಿಟ್ಟದ್ದಲ್ಲ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಎಷ್ಟೋ ಸಲ ಬಂದಿತ್ತು. ಆದರೆ ಕೇತ ಅವಳ ಬೆನ್ನಮೇಲೆ ಬೆಳೆದ ತಮ್ಮ. ಮಾತು ಹೊರಗೆ ಬರಲಿಲ್ಲ.

ಪಾಸ್ಟರ್ ಪ್ರಭುಸ್ವಾಮಿ ಹಾಸನೂರಿನವನು. ಜ್ವರದ ಮಾತ್ರೆ ಹಂಚುತ್ತ ದೊಡ್ಡಿ ದೊಡ್ಡಿ ತಿರುಗುತ್ತಿದ್ದ, ಮೂವತ್ತರ ಸುಮಾರಿನ ಸಾಧು ಮನುಷ್ಯ. ಮತ್ತೆ ಹುಟ್ಟುವುದು ಎಂದರೇನೆಂದು ಅವನು ನಂಜನಿಗೆ ಜಗಲಿಯ ಮೇಲೆ ಕೂತು ತಿಳಿಸಿ ಹೇಳಿದ. ನೀರೊಳಗೆ ಮುಳುಗುವ ಮನುಷ್ಯ ಬೇರೆ, ಏಳುವ ಮನುಷ್ಯ ಬೇರೆ. ಹಳಬ ತನ್ನ ಪಾಪದ ಸಮೇತ ಅಲ್ಲೇ ಸತ್ತ, ಏಳುವವನು ದೇವರ ಹೊಸ ಕೂಸು. ನಂಜ ಒಂದೇ ಒಂದು ಪ್ರಶ್ನೆ ಕೇಳಿದ.

“ಅಗ್ಗ ಬುಟ್ಟವ್ನು ಯಾರು ಅಯ್ಯ? ಒಳಕ್ಕೋಗೋನಾ, ಎದ್ದೇಳೋನಾ?”

“ಒಳಗೆ ಹೋಗೋನು ಅಣ್ಣ. ಅವನು ಮೇಲಕ್ಕೆ ಬರಲ್ಲ.”

ಮುಂದಿನ ಭಾನುವಾರವೇ ನಂಜ ಹೋಗಿ ದೀಕ್ಷಾಸ್ನಾನ ಮಾಡಿಸಿಕೊಂಡ. ಯೋವಾನ ಎಂದು ಹೆಸರಿಟ್ಟರು. ಅಂದು ಮಲಗಿದವನು ಬಿಸಿಲು ಮುಖಕ್ಕೆ ಬೀಳುವ ತನಕ ಏಳಲಿಲ್ಲ. ಬಲಗೈ ಬಿಚ್ಚಿಕೊಂಡು ಬಿದ್ದಿತ್ತು. ಅದನ್ನು ನೋಡುತ್ತ ಮಾದಿಗೆ ಸಂತೋಷವಾಯಿತು, ಹಿಂದೆಯೇ ಸಿಟ್ಟೂ ಬಂತು. ಅವನು ತನ್ನ ಭಾರವನ್ನು ಹಳ್ಳದಲ್ಲಿ ಬಿಟ್ಟು ಬಂದಿದ್ದ. ಅವಳದು ಅವಳ ಹತ್ತಿರವೇ ಉಳಿದಿತ್ತು.

ನಂಜ ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಮನೆಮನೆಗೂ ಹೋಗಿ, ನಂಜ ಸತ್ತ, ಇನ್ನು ಮೇಲೆ ಆ ಹೆಸರಲ್ಲಿ ನನ್ನನ್ನು ಕರೆಯಬೇಡಿ ಎಂದು ಹೇಳಿ ಬಂದ. ಬೇರೆ ಊರಾಗಿದ್ದರೆ ನಕ್ಕು ಬಿಡುತ್ತಿದ್ದರು. ಆ ದೊಡ್ಡಿಯಲ್ಲಿ ಸಾವಿನ ಮಾತನ್ನು ಯಾರೂ ಹುಡುಗಾಟಕ್ಕೆ ಆಡುವುದಿಲ್ಲ. ರಂಗಪ್ಪ ತಮ್ಮನ ಮನೆಗೆ ಮೂರು ಸಲ ಬಂದು ಕೇಳಿದ, ನನ್ನ ತಮ್ಮ ಸತ್ತದ್ದು ನಿಜವೇ ಎಂದು. ಮೂರು ಸಲವೂ ನಂಜ ನಿಜ ಎಂದ. ಸತ್ತ ತಮ್ಮ ಕಲ್ಲಿಲ್ಲದೆ ಹಸಿದು ಅಲೆಯಬಾರದಲ್ಲ? ರಂಗಪ್ಪ ಅತ್ತು, ಕೋಳಿ ಕೊಯ್ದು, ಕಲ್ಲು ನೆಟ್ಟು, ದೊಡ್ಡಿಗೆಲ್ಲ ಊಟ ಹಾಕಿದ. ಮಾದಿಯ ಬಳೆ ಒಡೆಸಿದ. ನಂಜ ದೂರದಲ್ಲಿ ನಿಂತು ತನ್ನ ಕಲ್ಲನ್ನು ತಾನೇ ನೋಡಿದ. ಒಂದು ದೊಡ್ಡ ಕೆಲಸ ಮುಗಿದವನ ಹಾಗೆ ಕಾಣುತ್ತಿದ್ದ.

ನೀನೂ ನೀರಿಗೆ ಇಳಿದು ಬಾ, ಪಾಸ್ಟರರ ಸಭೆಯಲ್ಲಿ ಹೊಸದಾಗಿ ಮದುವೆ ಮಾಡಿಸಿಕೊಳ್ಳೋಣ ಎಂದು ಅವನು ಮಾದಿಯನ್ನು ಕರೆದ. ಅವಳು ಹೋಗಲಿಲ್ಲ. ನೀರಿಗೆ ಇಳಿದರೆ ಕೇತನ ಅಕ್ಕನೂ ಸಾಯುತ್ತಾಳೆ, ಆಮೇಲೆ ಅವನನ್ನು ನೆನೆಯುವವರು ಯಾರು? ಹೀಗೆ ಮೂರು ವರ್ಷ ಅವಳು ಒಬ್ಬನಿಗೆ ವಿಧವೆಯಾಗಿ, ಇನ್ನೊಬ್ಬನಿಗೆ ಮುದ್ದೆ ತೊಳಸಿಕೊಂಡು ಒಂದೇ ಸೂರಿನಡಿ ಬಾಳಿದಳು. ದೊಡ್ಡಿಯ ಹೆಂಗಸರು ಮೊದಮೊದಲು ಹಾಸ್ಯ ಮಾಡಿದರು, ಆಮೇಲೆ ಅದಕ್ಕೂ ಒಗ್ಗಿಕೊಂಡರು.

*

ಪ್ರಭುಸ್ವಾಮಿ ಬಂದಾಗ ಮಧ್ಯಾಹ್ನವಾಗಿತ್ತು. ಬೈಕನ್ನು ಹಳ್ಳದ ಆಚೆ ಬಿಟ್ಟು ನಡೆದು ಬಂದಿದ್ದ. ಒಳಗೆ ಹೋಗಿ ನಂಜನ ಹಣೆ ಮುಟ್ಟಿ ಅತ್ತ. ಮಾದಿ ಅವನ ಅಳು ಮುಗಿಯುವ ತನಕ ಕಾದಳು. ನಿಮ್ಮ ಸಭೆಯವನೇ ಅಲ್ಲವೇ, ಮಣ್ಣು ಮಾಡಲು ನಿಮ್ಮಲ್ಲಿ ಜಾಗ ಕೊಡಿ ಎಂದು ಕೇಳಿದಳು.

ಅವನ ಸಭೆ ಎಂದರೆ ಒಂದು ತಗಡಿನ ಶೆಡ್ಡು. ಮಣ್ಣು ಮಾಡುವ ಜಾಗಕ್ಕೆ ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟು ಎರಡು ವರ್ಷವಾಗಿತ್ತು. ಕಾಡಿನಲ್ಲಿ ಹೊಸ ಜಾಗಕ್ಕೆ ಗುದ್ದಲಿ ಹಾಕಲು ಫಾರೆಸ್ಟಿನವರು ಬಿಡುವುದಿಲ್ಲ, ಮೊದಲಿನಿಂದ ಇದ್ದ ಜಾಗವಾದರೆ ಮಾತ್ರ ಸುಮ್ಮನಿರುತ್ತಾರೆ. ಅವನು ತಲೆ ತಗ್ಗಿಸಿಕೊಂಡು ರಂಗಪ್ಪನ ಬಳಿಗೆ ಹೋದ. ದೇಹ ಬರೀ ಮಣ್ಣು, ಎಲ್ಲಿಟ್ಟರೂ ಅವರು ಈಗಾಗಲೇ ತಂದೆಯ ಮನೆ ಸೇರಿದ್ದಾರೆ, ನಿಮ್ಮ ಕಲ್ಲುಗಳ ಹತ್ತಿರವೇ ಇಡಿ ಎಂದು ಬೇಡಿಕೊಂಡ.

“ಅಲ್ಲಿ ನಂಜ ಅವ್ನೆ ಕಣಪ್ಪ. ನೀನೇ ಸಾಯಿಸ್ದವ್ನು,” ಎಂದ ರಂಗಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಇವ್ನು ಯಾರು, ಅದ ಏಳು ನಂಗೆ.”

ಪ್ರಭುಸ್ವಾಮಿಗೆ ಕಣ್ಣು ತುಂಬಿತು. ಇವರು ದೇವರ ಮಗು ಎಂದ. ಹೋದ ತಿಂಗಳಷ್ಟೇ ಇವರನ್ನು ಸಭೆಗೆ ಹೊತ್ತುಕೊಂಡು ಹೋಗಿ ಎಲ್ಲರೂ ಸೇರಿ ಹುಟ್ಟಿದಹಬ್ಬ ಮಾಡಿದೆವು, ನನಗೆ ಮೂರು ವರ್ಷ ಎಂದು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು ಎಂದ.

ರಂಗಪ್ಪ ಆಗ ಮೊದಲ ಸಲ ತಲೆ ಎತ್ತಿದ. “ಮೂರ್ ವರ್ಸವಾ?”

“ಹೌದು ಅಯ್ಯ, ಮೂರು.”

ರಂಗಪ್ಪ ಸುತ್ತ ಕೂತ ಗಂಡಸರನ್ನು ನೋಡಿದ. ಎಲ್ಲರಿಗೂ ತಿಳಿದುಹೋಗಿತ್ತು. ಬಾಗಿಲಲ್ಲಿ ನಿಂತ ಮಾದಿಗೂ ತಿಳಿಯಿತು. ಹಾಲುಹಲ್ಲು ಬೀಳದ ಕೂಸುಗಳಿಗೆ ಕುಲದ ಕಲ್ಲಿಲ್ಲ. ಅವಕ್ಕೆ ಬೇರೆ ಜಾಗ, ದೊಡ್ಡಿಯ ಮೇಲಿರುವ ಕೂಸಿನ ದಿಣ್ಣೆ. ಅಲ್ಲಿ ಗುರುತಿಗೆ ಏನನ್ನೂ ಇಡುವುದಿಲ್ಲ. ವರ್ಷಕ್ಕೊಮ್ಮೆ ಕರೆಯುವುದೂ ಇಲ್ಲ, ಮುದ್ದೆಯೂ ಇಲ್ಲ.

“ದಿಣ್ಣೆಗೆ ಓಗಿ ತೋಡ್ರಿ,” ಎಂದ ರಂಗಪ್ಪ.

ಪ್ರಭುಸ್ವಾಮಿ ಗಾಬರಿಯಾದ. ಅದು ಆತ್ಮದ ಮಾತು, ಮೈಯ ವಯಸ್ಸಲ್ಲ ಎಂದು ತಡೆಯಲು ಹೋದ.

“ನೀ ಆತ್ಮಕ್ಕೆ ಏಳ್ದೆ ಕಣಪ್ಪ. ಅವ್ನು ಮೈಯೆಲ್ಲ ಕಿವಿಯಾಗಿ ಕೇಳ್ಕಂಡ,” ಎಂದ ರಂಗಪ್ಪ. “ನಾನೂ ಕೇಳ್ಕಂಡೆ. ಈಗ ಇಂದಕ್ಕೆ ಎಳ್ಕಂಡ್ರೆ ಆ ಕಲ್ಲೂ ಸುಳ್ಳಾಯ್ತದೆ, ಅವ್ನು ನಿದ್ದೆ ಮಾಡಿದ್ದೂ ಸುಳ್ಳಾಯ್ತದೆ.”

 ಪ್ರಾರ್ಥನೆಯಾದರೂ ಮಾಡಬಹುದೇ ಎಂದು ಪ್ರಭುಸ್ವಾಮಿ ಕೇಳಿದ. ಮಾಡಪ್ಪ, ಕೂಸಿಗೆ ಯಾರು ಏನು ಮಾಡಿದರೂ ತಪ್ಪಿಲ್ಲ ಎಂದ ರಂಗಪ್ಪ.

ಕೂಸಿನ ಸಾವಿಗೆ ಚಟ್ಟ ಕಟ್ಟುವುದಿಲ್ಲ, ತಮಟೆ ಬಾರಿಸುವುದಿಲ್ಲ. ಮನೆಯ ಒಬ್ಬ ಗಂಡಸು ತೋಳಿನಲ್ಲಿ ಎತ್ತಿಕೊಂಡು ಹೋಗಬೇಕು. ದೊಡ್ಡವರ ಸಾವಿಗೆ ಗುಂಡಿಯ ಬಳಿ ಹೆಂಗಸರು ಹೋಗುವಂತಿಲ್ಲ, ಕೂಸಿನ ಸಾವಿಗೆ ತಾಯಿ ಹೋಗಲೇಬೇಕು. ಗುಂಡಿಯ ಮುಂದೆ ಮಡಿಲು ಒಡ್ಡಿ, ಕೂಸನ್ನು ಹೆಸರು ಹಿಡಿದು ಕರೆದು, ಮಡಿಲು ಮುಚ್ಚಿಕೊಂಡು, ಹಿಂದೆ ತಿರುಗಿ ನೋಡದೆ ಮನೆಗೆ ನಡೆಯಬೇಕು. ಆಗ ಅದು ಮತ್ತೆ ಅದೇ ಮಡಿಲಿಗೆ ಬಂದು ಹುಟ್ಟುತ್ತದೆ.

“ನೀ ಬಾರವ್ವ,” ಎಂದ ರಂಗಪ್ಪ.

“ನಾ ಎಡ್ತಿ ಬಾವ. ತಾಯಲ್ಲ.”

“ಎಡ್ತಿ ನಂಜುಂಗೆ. ಇವ್ನು ಉಟ್ಟಿದಾಗ್ಲಿಂದ ಉಣ್ಸಿ, ತೊಳ್ದು, ಮಗ್ಗುಲು ಮಗುಚಿದ್ದು ಯಾರು?”

ಮಾದಿ ನಿಂತಲ್ಲೇ ನಿಂತಳು. ಕುಲದ ಕಲ್ಲುಗಳ ನಡುವೆ ಗಂಡನ ಮಗ್ಗುಲು ಎಂದುಕೊಂಡಿದ್ದ ಜಾಗದಲ್ಲಿ ಬರೀ ಕಲ್ಲು ಇತ್ತು. ಗಂಡ ಇಲ್ಲಿ ಚಾಪೆಯ ಮೇಲಿದ್ದ. ಇಬ್ಬರು ಒಳ್ಳೆಯ ಗಂಡಸರು, ಒಬ್ಬ ಅಳುತ್ತ, ಒಬ್ಬ ಅಳದೆ, ಅವನನ್ನು ಅವಳಿಂದ ಕಿತ್ತುಕೊಂಡಿದ್ದರು. ಯಾರ ಮೇಲೆ ಕೋಪ ಮಾಡಬೇಕೆಂದೂ ಅವಳಿಗೆ ತೋಚಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ರಂಗಪ್ಪ ಒಳಗೆ ಹೋಗಿ ತಮ್ಮನ ಕತ್ತಿನ ಕೆಳಗೊಂದು, ಮಂಡಿಯ ಕೆಳಗೊಂದು ತೋಳು ಹಾಕಿ ಎತ್ತಿದ. ಎತ್ತಿ ಎರಡು ಹೆಜ್ಜೆ ತೂಗಾಡಿದ. ಪಕ್ಕದಲ್ಲಿದ್ದವರು ಕೈ ಕೊಡಲು ಮುಂದೆ ಬಂದು, ಕೊಡುವಂತಿಲ್ಲವೆಂದು ನೆನಪಾಗಿ ಹಿಂದೆ ಸರಿದರು. ನಂಜನ ದೊಡ್ಡ ಕೈಯೊಂದು ಜೋತು ಬಿದ್ದು ಅಣ್ಣನ ತೊಡೆಗೆ ಬಡಿಯುತ್ತಿತ್ತು. ಮುದುಕ ಬಾಯಿ ತೆರೆದು ಉಸಿರು ಬಿಡುತ್ತ, ಲಂಟಾನದ ಪೊದೆಗಳ ನಡುವೆ, ಎಲ್ಲೂ ಇಳಿಸದೆ ದಿಣ್ಣೆ ಹತ್ತಿದ.

ಗುಂಡಿ ಉದ್ದಕ್ಕಿತ್ತು. ಆ ಜಾಗದಲ್ಲಿ ಅಷ್ಟು ಉದ್ದದ ಗುಂಡಿಯನ್ನು ಯಾರೂ ನೋಡಿರಲಿಲ್ಲ. ಪ್ರಭುಸ್ವಾಮಿ ತನ್ನ ಪ್ರಾರ್ಥನೆ ಮಾಡಿದ. ಮಣ್ಣು ಎಳೆದರು. ಗಂಡಸರು ಸರಿದು ನಿಂತು ಮಾದಿಗೆ ಜಾಗ ಬಿಟ್ಟರು.

ಅವಳು ಸೆರಗು ಬಿಚ್ಚಿ ಮಡಿಲು ಒಡ್ಡಿದಳು. ಅರವತ್ತರ ಹೆಂಗಸು, ಹೆರದ ಹೊಟ್ಟೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ, ಎರಡರಲ್ಲಿ ಯಾವುದನ್ನೂ. ಮೂವತ್ತೈದು ವರ್ಷ ಗಂಟಲಲ್ಲಿ ಇಟ್ಟುಕೊಂಡ ಮಾತು ಈಗ ತಾನಾಗಿ ಎದ್ದು ಬಂತು. ಅದು ನಂಜನಿಗೆ ಸೇರಿದ ಮಾತು. ಈ ಗುಂಡಿಯಲ್ಲಿ ಇರುವವನು ಯಾವ ಹಗ್ಗವನ್ನೂ ಹಿಡಿದವನಲ್ಲ, ಯಾರನ್ನೂ ಬೀಳಿಸಿದವನಲ್ಲ. ಇವನನ್ನು ಕ್ಷಮಿಸುವುದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ. ಅವಳು ಅದನ್ನು ನುಂಗಿಕೊಂಡಳು.

“ಎಸರಿಡ್ದು ಕರಿಯವ್ವ,” ಎಂದ ರಂಗಪ್ಪ ಮೆಲ್ಲಗೆ.

“ಯೋವಾನ,” ಎಂದಳು ಮಾದಿ. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕರೆದಳು. “ಯೋವಾನ, ಬಾರಪ್ಪ.”

ಮಡಿಲನ್ನು ಮುಚ್ಚಿ ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡು ಅವಳು ದಿಣ್ಣೆ ಇಳಿಯತೊಡಗಿದಳು. ಹಿಂದಿನಿಂದ ಪ್ರಭುಸ್ವಾಮಿ ಏನೋ ಹೇಳಿದ, ತಿರುಗಲಿಲ್ಲ. ಹಾದಿಯಲ್ಲಿ ಜಲ್ಲಿ ಜಾರುವ ಒಂದು ಕಡಿದಾದ ಇಳಿಜಾರಿದೆ. ಅಲ್ಲಿ ಕಾದಿದ್ದ ಚೌಡಮ್ಮ ಆಸರೆಗೆಂದು ಕೈ ಚಾಚಿದಳು. ಮಾದಿಯ ಕಾಲು ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ಆದರೂ ಅವಳು ಮಡಿಲಿನಿಂದ ಒಂದು ಕೈಯನ್ನೂ ಬಿಡಲಿಲ್ಲ.